ಹಲ್ಲುನೋವು ತಾನಾಗಿ ನಿಂತರೆ ಖುಷಿಪಡಬೇಡಿ

ಎರಡು ರಾತ್ರಿ ಕೆನ್ನೆ ಹಿಡಿದುಕೊಂಡು ಕೂತವರಿಗೆ ಮೂರನೇ ದಿನ ಬೆಳಿಗ್ಗೆ ನೋವು ಮಾಯ. ‘ಅಬ್ಬಾ, ಸರಿಹೋಯ್ತು’ ಅಂದುಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಸರಿಹೋಗಿರುವುದು ಏನೂ ಇಲ್ಲ. ಹಲ್ಲಿನ ಒಳಗಿನ ತಿರುಳು ಸತ್ತಿದೆ, ಅಷ್ಟೇ. ಸತ್ತ ನರ ನೋಯುವುದಿಲ್ಲ.

ಹೊರಗಿನ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ತೂಕದ ಲೆಕ್ಕದಲ್ಲಿ ಶೇಕಡಾ 96ರಷ್ಟು ಖನಿಜ. ಅದಕ್ಕೆ ನರವೂ ಇಲ್ಲ, ರಕ್ತವೂ ಇಲ್ಲ. ಹಾಗಾಗಿ ಹುಳುಕು ಎನಾಮಲ್‌ನಲ್ಲಿ ಇರುವಷ್ಟು ಕಾಲ ನಮಗೆ ಸುಳಿವೇ ಸಿಗುವುದಿಲ್ಲ. ಅದರ ಕೆಳಗಿನ ಡೆಂಟಿನ್ ಪದರ ಕಣ್ಣಿಗೆ ಕಾಣದ ಕೊಳವೆಗಳಿಂದ ತುಂಬಿದೆ. ಹುಳುಕು ಅಲ್ಲಿಗೆ ಇಳಿದ ಮೇಲೆ ಐಸ್‌ಕ್ರೀಮೋ ಸಿಹಿಯೋ ತಾಗಿದರೆ ಚುಳ್ ಅನ್ನುತ್ತದೆ. ಅದಕ್ಕೂ ಒಳಗೆ ನರ, ರಕ್ತನಾಳ ಇರುವ ತಿರುಳು. ಕಾಲಿಗೆ ಪೆಟ್ಟಾದರೆ ಊದಿಕೊಳ್ಳಲು ಜಾಗ ಇರುತ್ತದೆ. ತಿರುಳು ಇರುವುದು ಸುತ್ತಲೂ ಗಟ್ಟಿ ಗೋಡೆಯ ಡಬ್ಬಿಯೊಳಗೆ. ಊದಲು ಜಾಗವಿಲ್ಲ, ಒತ್ತಡವೆಲ್ಲ ನರದ ಮೇಲೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ರಾತ್ರಿಯೇ ಜಾಸ್ತಿ.

ತಿರುಳು ಸತ್ತ ಮೇಲೆ ಕೆಲವು ವಾರ, ಕೆಲವರಿಗೆ ವರ್ಷಗಟ್ಟಲೆ, ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಳಗೆ ಕೊಳೆತದ್ದು ಬೇರಿನ ತುದಿಯಿಂದ ಹೊರಬಂದು ಸುತ್ತಲಿನ ಮೂಳೆಯನ್ನು ಕರಗಿಸುತ್ತಿರುತ್ತದೆ. ವಸಡಿನ ಮೇಲೆ ಆಗಾಗ ಒಂದು ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ಅದು ಉಷ್ಣದ ಗುಳ್ಳೆ ಅಲ್ಲ. ಕೀವು ತಾನೇ ಮಾಡಿಕೊಂಡ ಚರಂಡಿ ಅದು. ಚರಂಡಿ ತೆರೆದಿರುವಷ್ಟು ದಿನ ಒತ್ತಡ ಇಲ್ಲ, ಆದ್ದರಿಂದ ನೋವೂ ಇಲ್ಲ.

ನೋವಿನ ಭಾಷೆ

ತಣ್ಣನೆಯದು ತಾಗಿದಾಗ ಚುಳ್ ಅಂದು, ಅದನ್ನು ನುಂಗಿದ ಕೂಡಲೇ ನಿಂತರೆ ತಿರುಳು ಇನ್ನೂ ಗಟ್ಟಿಯಾಗಿದೆ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಕಾಗುವ ಹಂತ ಇದು. ವಸಡು ಜಾರಿ ಬೇರು ಕಾಣಿಸಿಕೊಂಡವರಿಗೂ ಹೀಗೇ ಆಗುತ್ತದೆ, ಅಲ್ಲಿ ಹುಳುಕೇ ಇರುವುದಿಲ್ಲ.

ನೀರು ಕುಡಿದು ಅರ್ಧ ನಿಮಿಷವಾದರೂ ನೋವು ಎಳೆಯುತ್ತಿದ್ದರೆ, ಯಾವುದೂ ತಾಗದೆ ತಾನಾಗಿ ಶುರುವಾದರೆ, ನಿದ್ದೆಯಿಂದ ಎಬ್ಬಿಸಿದರೆ, ತಿರುಳು ಮರಳಿ ಬಾರದ ಹಂತ ದಾಟಿದೆ. ಬಿಸಿ ಕಾಫಿಗೆ ಕೆರಳಿ ತಣ್ಣೀರಿಗೆ ತಣಿಯುವ ನೋವು ಇನ್ನೂ ಮುಂದಿನದು. ಬಾಯಲ್ಲಿ ತಣ್ಣೀರು ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬರುವವರು ಈ ಗುಂಪಿನವರು. ಈ ಹಂತದಲ್ಲಿ ಯಾವ ಹಲ್ಲು ಅಂತ ತೋರಿಸಲು ಅವರಿಗೇ ಆಗುವುದಿಲ್ಲ. ಕೆಳಗಿನ ದವಡೆ ಹಲ್ಲಿನ ನೋವು ಮೇಲಿನ ಹಲ್ಲಿನಲ್ಲೋ ಕಿವಿಯಲ್ಲೋ ಕೇಳಿಸುತ್ತದೆ. ಆದರೆ ಎಡಗಡೆಯದು ಬಲಕ್ಕೆ ದಾಟುವುದಿಲ್ಲ.

ಕಚ್ಚಿದಾಗ ಮಾತ್ರ ನೋವು, ಆ ಹಲ್ಲು ಉಳಿದವಕ್ಕಿಂತ ಉದ್ದವಾದ ಹಾಗೆ ಅನಿಸುವುದು: ಸೋಂಕು ಬೇರಿನ ತುದಿ ದಾಟಿದೆ. ಕಚ್ಚುವಾಗ ಅಲ್ಲ, ಕಚ್ಚಿ ಬಿಡುವಾಗ ಚುಚ್ಚಿದರೆ ಬಿರುಕು ಬಿಟ್ಟಿರಬಹುದು. ಅಡಿಕೆ, ನಿಪ್ಪಟ್ಟು, ಕೋಳಿ ಮೂಳೆ ಕಡಿಯುವವರಲ್ಲಿ ಇದು ಸಾಮಾನ್ಯ. ನೆಗಡಿಯಾದಾಗ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯ್ದು, ಬಗ್ಗಿದರೆ ಜಾಸ್ತಿಯಾದರೆ, ಹಲ್ಲಿನದಲ್ಲ, ಸೈನಸ್ಸಿನದು.

ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಆಂಟಿಬಯೋಟಿಕ್, ಒಂದು ನೋವಿನ ಗುಳಿಗೆ ಕೊಟ್ಟುಬಿಡುತ್ತಾರೆ. ಆಂಟಿಬಯೋಟಿಕ್ ರಕ್ತದಲ್ಲಿ ಹೋಗಬೇಕು. ಸತ್ತ ತಿರುಳಿಗೆ ರಕ್ತವೇ ಬರುವುದಿಲ್ಲ. ಔಷಧಿ ಹೋಗುವ ದಾರಿಯೇ ಇಲ್ಲದ ಕಡೆ ಐದು ದಿನದ ಕೋರ್ಸ್ ಏನು ಮಾಡೀತು? ಜ್ವರ ಬಂದಿದ್ದರೆ, ಮುಖದ ಬಾವು ಹರಡುತ್ತಿದ್ದರೆ ಅದರ ಅಗತ್ಯ ಬೇರೆ, ಆಗಲೂ ಕೀವು ಹೊರಹಾಕುವ ಕೆಲಸ ಆಗಲೇಬೇಕು. ಒಂದು ರಾತ್ರಿ ಕಳೆಯುವುದಕ್ಕೆ ಬೇರೆ ಕಾಯಿಲೆ ಇಲ್ಲದ ದೊಡ್ಡವರಿಗೆ ಊಟದ ನಂತರ ಐಬುಪ್ರೊಫೆನ್ 400 ಮಿ.ಗ್ರಾಂ., ಅದರ ಜೊತೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸಾಮಾನ್ಯವಾಗಿ ಸಾಕು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಡೆಂಗಿ ಇರಬಹುದೆಂಬ ಅನುಮಾನ ಇರುವವರು ಐಬುಪ್ರೊಫೆನ್ ಮುಟ್ಟಬಾರದು.

ಬಾವು ಬಂದು ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ನಾಲಿಗೆಯ ಕೆಳಗೆ ಗಟ್ಟಿಯಾಗಿ ಉಬ್ಬಿದರೆ, ಕಣ್ಣು ಮುಚ್ಚುವಷ್ಟು ಊದಿದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಕತ್ತಿಗೆ ಇಳಿಯುವ ಕೀವು ಉಸಿರನ್ನೇ ಕಟ್ಟಿಸುತ್ತದೆ.

ಮನೆಮದ್ದಿನಲ್ಲಿ ಲವಂಗದ ಎಣ್ಣೆಗೆ ನಿಜಕ್ಕೂ ಬಲವಿದೆ. ಅದರಲ್ಲಿನ ಯೂಜೆನಾಲ್ ನರವನ್ನು ಮಂಕುಗೊಳಿಸುತ್ತದೆ. ದಂತವೈದ್ಯರೂ ಅದನ್ನೇ ಜಿಂಕ್ ಆಕ್ಸೈಡ್ ಪುಡಿಗೆ ಕಲಸಿ ತಾತ್ಕಾಲಿಕ ಸಿಮೆಂಟ್ ಮಾಡುತ್ತಾರೆ, ಕ್ಲಿನಿಕ್ಕಿನ ವಾಸನೆ ಅಂತ ನಾವು ಗುರುತಿಸುವುದು ಅದನ್ನೇ. ಹತ್ತಿಯ ಸಣ್ಣ ಉಂಡೆಗೆ ಒಂದು ತೊಟ್ಟು ಹಾಕಿ, ಹಿಂಡಿ, ಗುಂಡಿಯೊಳಗೆ ಮಾತ್ರ ಇಡಬೇಕು. ವಸಡಿಗೆ ಸುರಿದರೆ ಸುಟ್ಟು ಬೆಳ್ಳಗಾಗುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡರೂ ಅದೇ ಗತಿ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.

ಇನ್ನು ಹುಳ. ‘ಹುಳುಕು’ ಅನ್ನುವ ಪದದಲ್ಲೇ ಹುಳ ಕೂತಿರುವುದರಿಂದ ನಂಬಿಕೆ ಬಿಡುವುದಿಲ್ಲ. ಗುಳ್ಳದ ಬೀಜ ಸುಟ್ಟ ಹೊಗೆ ಬಾಯಿಗೆ ಹಿಡಿಸಿ, ತಟ್ಟೆಯ ನೀರಿನಲ್ಲಿ ಬಿದ್ದ ಬಿಳಿ ‘ಹುಳ’ ತೋರಿಸುವವರು ಈಗಲೂ ಇದ್ದಾರೆ. ಬಿಸಿಗೆ ಸಿಡಿದ ಬೀಜದೊಳಗಿನ ಎಳೆಮೊಳಕೆ ಅದು. ಬಾಯಿಗೆ ಹೊಗೆ ಹಿಡಿಸದೆ ಬರೀ ಬೀಜ ಸುಟ್ಟು ನೋಡಿ, ನೀರಿನಲ್ಲಿ ಅದೇ ‘ಹುಳ’ ಕಾಣುತ್ತದೆ.

ಫಿಲ್ಲಿಂಗ್

ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಒಂದು ಬಗೆಯ ರೆಸಿನ್, ಅಂದರೆ ನೀಲಿ ಬೆಳಕು ಬಿದ್ದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ವಸ್ತು. ಹುಳುಕು ಕೆರೆದ ಮೇಲೆ 37 ಶೇಕಡಾ ಫಾಸ್ಫಾರಿಕ್ ಆಮ್ಲದ ನೀಲಿ ಜೆಲ್ ಹಚ್ಚಿ, ಹದಿನೈದು ಸೆಕೆಂಡ್ ಆದ ಮೇಲೆ ತೊಳೆಯುತ್ತಾರೆ. ಮೇಲ್ಮೈ ಒರಟಾಗುತ್ತದೆ, ಅದರ ಮೇಲೆ ಅಂಟು, ಆಮೇಲೆ ಎರಡೆರಡು ಮಿಲಿಮೀಟರ್ ದಪ್ಪದ ಪದರಗಳಲ್ಲಿ ರೆಸಿನ್, ಪ್ರತಿ ಪದರಕ್ಕೂ ಇಪ್ಪತ್ತು ಸೆಕೆಂಡ್ ನೀಲಿ ಬೆಳಕು. ಈ ನಡುವೆ ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ. ಆರು ತಿಂಗಳಿಗೆ ಉದುರುವ ಫಿಲ್ಲಿಂಗ್‌ಗಳ ಕಥೆ ಬಹುಪಾಲು ಇದೇ. ಹಾಗಾಗಿ ಡಾಕ್ಟರು ಹತ್ತಿ ತುರುಕಿ ‘ನಾಲಿಗೆ ಆಡಿಸಬೇಡಿ’ ಅಂತ ಗದರಿದರೆ ಬೇಸರ ಬೇಡ. ಒಣಗಿಸಿ ಇಡಲು ಆಗದ ಕಡೆ, ಚಿಕ್ಕ ಮಕ್ಕಳಿಗೆ, ಬೇರಿನ ಹತ್ತಿರದ ಹುಳುಕಿಗೆ ಗ್ಲಾಸ್ ಅಯಾನೊಮರ್ ಸಿಮೆಂಟ್ ವಾಸಿ. ಗಟ್ಟಿತನ ಕಡಿಮೆ, ಆದರೆ ಸ್ವಲ್ಪ ತೇವ ತಡೆದುಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ.

ಕೊನೆಗೆ ನೀಲಿ ಕಾಗದ ಇಟ್ಟು ‘ಕಚ್ಚಿ, ಕಟಕಟ ಅನ್ನಿಸಿ’ ಅನ್ನುತ್ತಾರೆ. ಮರಗಟ್ಟಿದ ಬಾಯಲ್ಲಿ ಯಾರೂ ಸರಿಯಾಗಿ ಕಚ್ಚುವುದಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಫಿಲ್ಲಿಂಗ್ ಎತ್ತರವಾಗಿದೆ ಅಂತ ತಿಳಿಯುತ್ತದೆ. ಸವೆದು ಸರಿಹೋಗುತ್ತದೆ ಅಂತ ಕಾಯಬೇಡಿ, ಪ್ರತಿ ತುತ್ತಿಗೂ ಪೂರ್ತಿ ಏಟು ಆ ಒಂದೇ ಹಲ್ಲಿಗೆ ಬೀಳುತ್ತಿರುತ್ತದೆ. ವಾಪಸ್ ಹೋದರೆ ಉಜ್ಜಿ ಸರಿಮಾಡುವುದು ಎರಡು ನಿಮಿಷದ ಕೆಲಸ.

ರೂಟ್ ಕೆನಾಲ್: ಒಳಗೆ ನಡೆಯುವುದೇನು

‘ನರ ಕಿತ್ತು ಹಾಕುತ್ತಾರಂತೆ’ ಅಂತ ಹೆದರಿಸುವ ಈ ಚಿಕಿತ್ಸೆ ನಿಜದಲ್ಲಿ ಕೊಳವೆ ತೊಳೆದು ಮುಚ್ಚುವ ಕೆಲಸ. ಕಷ್ಟ ಇರುವುದು ಆ ಕೊಳವೆಯ ಅಳತೆಯಲ್ಲಿ. ದವಡೆ ಹಲ್ಲಿನ ಒಟ್ಟು ಉದ್ದ ಹೆಚ್ಚುಕಡಿಮೆ 20 ಮಿ.ಮೀ. ಒಳಗೆ ಮೊದಲು ಇಳಿಸುವ 10ನೇ ನಂಬರ್ ಫೈಲಿನ, ಅಂದರೆ ಸೂಜಿಯಂಥ ಅರದ, ತುದಿಯ ದಪ್ಪ 0.10 ಮಿ.ಮೀ. ಕೊಳವೆ ನೇರವಾಗಿಯೂ ಇರುವುದಿಲ್ಲ. ಇದನ್ನು ಹಿಂದಿನ ದವಡೆಯಲ್ಲಿ, ಕನ್ನಡಿಯಲ್ಲಿ ನೋಡಿಕೊಂಡು ಮಾಡಬೇಕು. ಒಂದು ಗಂಟೆ ಬಾಯಿ ತೆರೆದು ಮಲಗಿಸಿದರು ಅಂತ ಬೈಯುವ ಮುಂಚೆ ಈ ಲೆಕ್ಕ ನೆನಪಿರಲಿ.

ಮೊದಲು ಇಂಜೆಕ್ಷನ್. ಸಾಮಾನ್ಯವಾಗಿ 2 ಶೇಕಡಾ ಲಿಗ್ನೊಕೇನ್, ರಕ್ತನಾಳ ಕುಗ್ಗಿಸಲು ಚೂರು ಅಡ್ರಿನಲಿನ್. ಒಂದು ನಿಮಿಷ ಎದೆ ಡವಡವ ಅನ್ನಬಹುದು, ಅದು ಅಡ್ರಿನಲಿನ್ನಿನ ಕೆಲಸ. ಕೆಳಗಿನ ದವಡೆಗೆ ಹಲ್ಲಿನ ಪಕ್ಕ ಕೊಟ್ಟರೆ ಸಾಲದು, ಬಾಯಿಯ ಹಿಂಬದಿಯಲ್ಲಿ ನರ ಮೂಳೆಯೊಳಗೆ ಹೊಕ್ಕುವ ಕಡೆ ಕೊಡಬೇಕು. ಅರ್ಧ ತುಟಿ ದಪ್ಪಗಾದ ಹಾಗೆ ಅನಿಸಿದರೆ ಹಿಡಿದಿದೆ. ತುಟಿ ಮರಗಟ್ಟಿದರೂ ಹಲ್ಲು ನೋಯುತ್ತಿದ್ದರೆ ಕೈ ಎತ್ತಿ ಹೇಳಿ. ವಿಪರೀತ ಕೆರಳಿದ ತಿರುಳಿಗೆ ಒಂದು ಇಂಜೆಕ್ಷನ್ ಸಾಲದಿರುವುದು ಗೊತ್ತಿರುವ ಸಂಗತಿ, ಇನ್ನೊಂದು ಕಡೆ ಸೇರಿಸಿ ಕೊಡುತ್ತಾರೆ. ತಡೆದುಕೊಳ್ಳುವುದರಲ್ಲಿ ಶೌರ್ಯವೇನೂ ಇಲ್ಲ.

ಆಮೇಲೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅನ್ನುವ ಹಾಳೆ ಕಟ್ಟುತ್ತಾರೆ, ಕಟ್ಟಬೇಕು. ಎಂಜಲು ಒಳಗೆ ಹೋಗದಂತೆ, ಸೂಜಿಯಂಥ ಫೈಲ್ ಗಂಟಲಿಗೆ ಜಾರದಂತೆ ಅದು ಕಾವಲು. ಕಟ್ಟದೆ ಮಾಡುವವರೂ ಇದ್ದಾರೆ, ‘ಡ್ಯಾಮ್ ಹಾಕ್ತೀರಾ?’ ಅಂತ ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ. ಹಲ್ಲಿನ ಮಾಡು, ಅಂದರೆ ಚಾವಣಿ, ಕೊರೆದು ಕೊಳವೆಗಳ ಬಾಯಿ ಹುಡುಕುತ್ತಾರೆ. ಮುಂದಿನ ಮೇಲು ಹಲ್ಲಿಗೆ ಒಂದೇ. ಕೆಳಗಿನ ಮೊದಲ ದವಡೆ ಹಲ್ಲಿಗೆ ಎರಡು ಬೇರು, ಸಾಮಾನ್ಯವಾಗಿ ಮೂರು ಕೊಳವೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಬಹಳಷ್ಟು ಸಲ ನಾಲ್ಕು ಕೊಳವೆ. ಆ ನಾಲ್ಕನೆಯದು ಮೂಲೆಯಲ್ಲಿ ಅಡಗಿರುತ್ತದೆ. ಅದು ಸಿಗದೆ ಉಳಿದರೆ ಅಲ್ಲಿನ ಕೊಳೆ ಹಾಗೇ ಇರುತ್ತದೆ, ಎರಡು ವರ್ಷದ ಮೇಲೆ ‘ರೂಟ್ ಕೆನಾಲ್ ಮಾಡಿಸಿದ ಹಲ್ಲೇ ನೋಯ್ತಿದೆ’ ಅಂತ ಮತ್ತೆ ಬರಬೇಕಾಗುತ್ತದೆ.

ಬೇರಿನ ಉದ್ದವನ್ನು ಅಪೆಕ್ಸ್ ಲೊಕೇಟರ್ ಅನ್ನುವ ಯಂತ್ರದಿಂದಲೂ ಎಕ್ಸ್‌ರೇಯಿಂದಲೂ ಅಳೆದು, ಫೈಲ್‌ಗಳಿಂದ ಕೊಳವೆ ಅಗಲ ಮಾಡುತ್ತಾರೆ. ನಿಜವಾಗಿ ಕೊಳೆ ತೆಗೆಯುವುದು ಫೈಲ್ ಅಲ್ಲ, ನಡುನಡುವೆ ಹಾಕುವ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆ ಬಿಳುಪು ಮಾಡುವ ಬ್ಲೀಚಿನ ಮೂಲವಸ್ತುವೇ. ಫೈಲ್ ತಲುಪದ ಕವಲುಗಳಲ್ಲಿರುವ ಸತ್ತ ತಿರುಳನ್ನು ಅದು ಕರಗಿಸುತ್ತದೆ. ಕೀವು ಇದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುತ್ತಾರೆ. ಕೊನೆಗೆ ಗಟ್ಟಾ ಪರ್ಚಾ, ಅಂದರೆ ಮರದ ಹಾಲಿನಿಂದ ಮಾಡಿದ ರಬ್ಬರಿನಂಥ ಕಡ್ಡಿಗಳನ್ನು ಸೀಲರ್ ಹಚ್ಚಿ ತುಂಬುತ್ತಾರೆ. ಮುಗಿದ ಮೇಲಿನ ಎಕ್ಸ್‌ರೇ ತೋರಿಸಿ ಅಂತ ಕೇಳಿ: ಬಿಳಿ ಗೆರೆ ಪ್ರತಿ ಬೇರಿನ ತುದಿಯವರೆಗೆ, ಹೆಚ್ಚೆಂದರೆ ಎರಡು ಮಿಲಿಮೀಟರ್ ಕಡಿಮೆ, ನಡುವೆ ಕಪ್ಪು ಖಾಲಿ ಇಲ್ಲದೆ ಇರಬೇಕು. ಅರ್ಧಕ್ಕೇ ನಿಂತಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಕಚ್ಚಿದಾಗ ಎರಡು ಮೂರು ದಿನ ನೋವಿರುವುದು ಸಹಜ. ದಿನದಿನಕ್ಕೆ ಹೆಚ್ಚಾದರೆ, ಊದಿದರೆ ಸಹಜವಲ್ಲ.

ಅತಿ ಹೆಚ್ಚು ಹಲ್ಲು ಹಾಳಾಗುವುದು ಈ ಹಂತದಲ್ಲಿ, ಚಿಕಿತ್ಸೆಯ ತಪ್ಪಿನಿಂದಲ್ಲ. ಮೊದಲ ಸಿಟ್ಟಿಂಗ್ ಆದ ಕೂಡಲೇ ನೋವು ಹೋಗುತ್ತದೆ, ಮೇಲೆ ಬಿಳಿ ತಾತ್ಕಾಲಿಕ ಸಿಮೆಂಟ್ ಇರುತ್ತದೆ, ಜನ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಆ ಸಿಮೆಂಟ್ ಕೆಲವು ವಾರದ ಆಳು. ಸವೆದು ಸಂದಿ ಬಿಟ್ಟರೆ ಎಂಜಲು ಒಳಗಿಳಿದು ಮಾಡಿದ್ದೆಲ್ಲ ವ್ಯರ್ಥ. ಇನ್ನೊಂದು, ಮಾಡು ಕೊರೆದ ದವಡೆ ಹಲ್ಲು ಮಾಡಿಲ್ಲದ ಮನೆಯ ಗೋಡೆಗಳ ಹಾಗೆ. ಅಗಿಯುವಾಗ ಗೋಡೆಗಳು ಹೊರಕ್ಕೆ ಬಾಗುತ್ತವೆ. ಅವನ್ನು ಸುತ್ತ ಹಿಡಿದಿಡುವುದು ಕ್ಯಾಪ್. ಕ್ಯಾಪ್ ಹಾಕುವ ಮುಂಚೆ ಚಕ್ಕುಲಿ ಕಡಿದು ಹಲ್ಲು ಬೇರಿನವರೆಗೆ ಸೀಳಿದರೆ ಕೀಳುವುದೊಂದೇ ದಾರಿ. ಮುಂದಿನ ಹಲ್ಲಿಗೆ, ರಂಧ್ರ ಸಣ್ಣದಿದ್ದರೆ, ಕ್ಯಾಪ್ ಇಲ್ಲದೆಯೂ ನಡೆಯುತ್ತದೆ.

ಕ್ಯಾಪ್ ಕೂರಲು ಜಾಗ ಬೇಕಲ್ಲ, ಅದಕ್ಕೆ ಹಲ್ಲನ್ನು ಸುತ್ತ ಉಜ್ಜುತ್ತಾರೆ. ಬರೀ ಲೋಹದ ಕ್ಯಾಪಿಗೆ ಕಡಿಮೆ, ಒಂದು ಮಿಲಿಮೀಟರ್ ಆಸುಪಾಸು. ಲೋಹದ ಮೇಲೆ ಸೆರಾಮಿಕ್ ಹಚ್ಚಿದ್ದಕ್ಕೆ ಕಚ್ಚುವ ಕಡೆ ಒಂದೂವರೆಯಿಂದ ಎರಡು. ಜಿರ್ಕೋನಿಯಾ ಇವೆರಡರ ನಡುವೆ. ಕಾಣದ ಹಿಂದಿನ ಹಲ್ಲಿಗೆ ಲೋಹದ್ದು ಹಾಕಿಸಿಕೊಳ್ಳುವುದು ಜಿಪುಣತನವಲ್ಲ, ಹಲ್ಲು ಹೆಚ್ಚು ಉಳಿಯುತ್ತದೆ. ಖರ್ಚು ಕೇಳುವಾಗ ರೂಟ್ ಕೆನಾಲ್, ಕ್ಯಾಪಿಗೆ ಆಧಾರವಾಗಿ ಹಲ್ಲಿನೊಳಗೆ ಕಟ್ಟುವ ಪೋಸ್ಟ್ ಅಥವಾ ಕೋರ್, ಕ್ಯಾಪ್, ಮೂರನ್ನೂ ಸೇರಿಸಿ ಒಂದೇ ಮೊತ್ತ ಹೇಳಿಸಿಕೊಳ್ಳಿ. ಬಿಲ್ ನೋಡಿ ಜಗಳವಾಗುವುದು ಇವನ್ನು ಬೇರೆಬೇರೆ ಹೇಳಿದಾಗಲೇ. ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ ಅನ್ನುವವರಿಗೆ ಡೆಂಟಲ್ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ. ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿಯಲ್ಲೂ ಕಾಲೇಜುಗಳಿವೆ. ಕೆಲಸ ವಿದ್ಯಾರ್ಥಿಗಳದ್ದು, ಪ್ರತಿ ಹಂತ ನೋಡಿ ಒಪ್ಪುವವರು ಅಧ್ಯಾಪಕರು, ಅದಕ್ಕೇ ನಿಧಾನ.

ಕೀಳಿಸಿದ ಮೇಲೆ

‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ.’ ಹೋಗುವುದಿಲ್ಲ. ಹಲ್ಲಿಗೆ ಬರುವ ನರವೂ ದೃಷ್ಟಿಯ ನರವೂ ಬೇರೆಬೇರೆ. ವಯಸ್ಸಾದಂತೆ ಹಲ್ಲೂ ಹೋಗುತ್ತದೆ, ಕಣ್ಣೂ ಮಂದವಾಗುತ್ತದೆ, ಎರಡನ್ನೂ ಯಾರೋ ಗಂಟು ಹಾಕಿದ್ದಾರೆ.

ಕಿತ್ತ ಗುಂಡಿಯಲ್ಲಿ ಕಟ್ಟುವ ರಕ್ತದ ಹೆಪ್ಪೇ ಗಾಯದ ಮುಚ್ಚಳ. ಅದನ್ನು ಉಳಿಸಿಕೊಳ್ಳುವುದೊಂದೇ ನಿಮ್ಮ ಕೆಲಸ. ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಹಿಡಿಯಿರಿ, ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. 24 ಗಂಟೆ ಉಗುಳಬಾರದು, ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು. ಈ ಮೂರರಲ್ಲೂ ಹೀರುವ, ತಳ್ಳುವ ಒತ್ತಡ ಹೆಪ್ಪನ್ನು ಕೀಳುತ್ತದೆ. ಎಂಜಲಿಗೆ ಸ್ವಲ್ಪ ರಕ್ತ ಬೆರೆತರೂ ಬಾಯಿ ತುಂಬ ರಕ್ತದಂತೆ ಕಾಣುತ್ತದೆ, ನುಂಗಿಬಿಡಿ. ಬೀಡಿ, ಸಿಗರೇಟು ಕನಿಷ್ಠ ಮೂರು ದಿನ ಬೇಡ. ಊಟಕ್ಕೆ ಆರಿದ ಮೊಸರನ್ನ, ಬಾಳೆಹಣ್ಣು. ಅಗಿಯದೆ ನುಂಗುವ ಮುದ್ದೆ ಇದಕ್ಕೆಂದೇ ಹುಟ್ಟಿದ ಹಾಗಿದೆ, ಹೊಗೆಯಾಡುವುದನ್ನು ಮಾತ್ರ ತಿನ್ನಬೇಡಿ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆ ಮೆಲ್ಲಗೆ ಬಾಯಿ ತೊಳೆಯಲು.

ನೋವು ಇಳಿಯುತ್ತಾ ಬಂದು ಮೂರನೇ ದಿನ ಇದ್ದಕ್ಕಿದ್ದಂತೆ ಕಿವಿಯವರೆಗೆ ಏರಿದರೆ, ಬಾಯಿ ನಾತ ಬಂದರೆ, ಹೆಪ್ಪು ಹೋಗಿ ಮೂಳೆ ಬಯಲಾಗಿದೆ. ಡ್ರೈ ಸಾಕೆಟ್. ಕೆಳಗಿನ ಬುದ್ಧಿಹಲ್ಲು ಕೀಳಿಸಿದವರಿಗೆ, ಸೇದುವವರಿಗೆ ಹೆಚ್ಚು. ಆಂಟಿಬಯೋಟಿಕ್ ಬೇಕಿಲ್ಲ, ತೊಳೆದು ಔಷಧಿಯ ಪಟ್ಟಿ ಇಟ್ಟರೆ ಕೆಲವೇ ಗಂಟೆಯಲ್ಲಿ ಹಾಯೆನಿಸುತ್ತದೆ.

ಕೀಳಿಸುವ ಮುಂಚೆ ಹೇಳಲೇಬೇಕಾದವು: ಸಕ್ಕರೆ ಕಾಯಿಲೆ, ಹೃದಯದ ಕವಾಟ ಬದಲಿಸಿದ್ದು, ರಕ್ತ ತೆಳು ಮಾಡುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ದವಡೆಯ ಗಾಯ ಮಾಯದಂತೆ ಮಾಡಬಲ್ಲದು. ಆಸ್ಪಿರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ.

ಖಾಲಿ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು), ಬ್ರಿಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ನಿಲ್ಲುವ ಹಲ್ಲು), ಕಳಚುವ ಸೆಟ್ಟು, ಮೂರು ದಾರಿ. ಇಂಪ್ಲಾಂಟಿಗೆ ಮೂಳೆ ಬೇಕು, ಮೂರರಿಂದ ಆರು ತಿಂಗಳ ತಾಳ್ಮೆ ಬೇಕು, ಸಕ್ಕರೆ ಹತೋಟಿಯಲ್ಲಿರಬೇಕು. ಬ್ರಿಜ್ಜಿಗೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಬೇಕು. ಸೆಟ್ಟು ಅಗ್ಗ, ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಬೇಕು, ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಸೆಟ್ಟು ಕೊಡಲೆಂದು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು. ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತಾ?

ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ನಾಲಿಗೆ ಆಡಿಸಿ. ಒರಟು ಗೋಡೆ ಸಿಕ್ಕಿದರೆ ಅದೇ ಟಾರ್ಟರ್. ಎಂಜಲಿನ ಗ್ರಂಥಿಗಳ ಬಾಯಿ ಅಲ್ಲೇ ನಾಲಿಗೆಯ ಕೆಳಗೆ ತೆರೆಯುವುದರಿಂದ, ಎಂಜಲಿನ ಸುಣ್ಣದಂಶ ಅಲ್ಲಿನ ಪಾಚಿಯನ್ನು, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಪದರವನ್ನು, ಕೆಲವೇ ದಿನಗಳಲ್ಲಿ ಕಲ್ಲು ಮಾಡುತ್ತದೆ. ಗಟ್ಟಿಯಾದ ಮೇಲೆ ಯಾವ ಬ್ರಷ್ಷಿಗೂ ಬರುವುದಿಲ್ಲ. ಅದರ ಒರಟಿನ ಮೇಲೆ ಹೊಸ ಪಾಚಿ ಕೂರುತ್ತದೆ, ವಸಡು ಊದುತ್ತದೆ, ಮೂಳೆ ಕರಗುತ್ತಾ ಇಳಿಯುತ್ತದೆ. ಇದೂ ನೋಯುವುದಿಲ್ಲ.

ವರ್ಷಗಟ್ಟಲೆ ಹೀಗೆ ಬಿಟ್ಟ ಬಾಯಲ್ಲಿ ಹಲ್ಲುಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸಿರುವುದು ಮೂಳೆಯಲ್ಲ, ಆ ಕಲ್ಲು. ಗಾರೆ ತೆಗೆದಾಗ ಇಟ್ಟಿಗೆ ಅಲ್ಲಾಡಿದ ಹಾಗೆ, ಕ್ಲೀನಿಂಗ್ ಆದ ದಿನ ಹಲ್ಲು ಅಲ್ಲಾಡುತ್ತದೆ, ಸಂದಿ ಕಾಣುತ್ತದೆ, ತಣ್ಣೀರು ಜುಂ ಅನ್ನುತ್ತದೆ. ಬೈಗುಳ ಮಾತ್ರ ಕ್ಲೀನಿಂಗ್ ಮಾಡಿದವರಿಗೆ. ಯಂತ್ರದ ತುದಿ ಕೊರೆಯುವುದಿಲ್ಲ, ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಲ್ಲನ್ನು ಬಿಡಿಸುತ್ತದೆ. ನೀರು ಬಿಡುವುದು ತುದಿ ಬಿಸಿಯಾಗದಿರಲಿ ಅಂತ. ವಸಡಿನ ಸಂದಿಯನ್ನು ಅಳತೆ ಕಡ್ಡಿಯಿಂದ ಅಳೆದಾಗ ಮೂರು ಮಿಲಿಮೀಟರಿನ ಒಳಗಿದ್ದರೆ ಸರಿ, ನಾಲ್ಕು ದಾಟಿದರೆ ಒಳಗೂ ಕೆಲಸವಿದೆ. ‘ನನ್ನದು ಎಷ್ಟು ಬಂತು?’ ಅಂತ ಕೇಳಿ.

ಬ್ರಷ್ ಮಾಡುವಾಗ ರಕ್ತ ಬರುತ್ತದೆ ಅಂತ ಆ ಭಾಗ ಬಿಟ್ಟು ಉಜ್ಜುವುದು ತಿರುವುಮುರುವು ವೈದ್ಯ. ಪಾಚಿ ಉಳಿದಿರುವುದಕ್ಕೇ ರಕ್ತ. ಮೆತ್ತನೆ ಬ್ರಷ್ಷಿನಲ್ಲಿ ಅಲ್ಲೇ ಸರಿಯಾಗಿ ಉಜ್ಜಿದರೆ, ಒಳಗೆ ಕಲ್ಲು ಇಲ್ಲದಿದ್ದರೆ, ಹತ್ತು ದಿನದಲ್ಲಿ ನಿಲ್ಲುತ್ತದೆ. ಸೇದುವವರಿಗೆ ರಕ್ತ ಬರುವುದೇ ಕಡಿಮೆ. ವಸಡು ಗಟ್ಟಿ ಅಂತಲ್ಲ, ಹೊಗೆಯಿಂದ ರಕ್ತನಾಳ ಕುಗ್ಗಿ ಎಚ್ಚರಿಕೆಯ ಗಂಟೆ ಬಂದ್ ಆಗಿರುತ್ತದೆ.

ದಿನದ ಲೆಕ್ಕ

ಬ್ರಷ್ಷಿನ ಎಳೆಗಳನ್ನು ವಸಡು ಹಲ್ಲು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಅಲ್ಲೇ ಸಣ್ಣದಾಗಿ ಅಲುಗಾಡಿಸಿ, ಕಚ್ಚುವ ಕಡೆಗೆ ಗುಡಿಸಿ. ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಉಜ್ಜಿದರೆ, ಇದ್ದಿಲು, ಬೂದಿ, ಉಪ್ಪು ಹಾಕಿ ಉಜ್ಜಿದರೆ, ವಸಡಿನ ಬುಡದಲ್ಲಿ ಕೊಡಲಿ ಏಟು ಬಿದ್ದಂತೆ ವಿ ಆಕಾರದ ಕಚ್ಚು ಬೀಳುತ್ತದೆ. ಎರಡು ನಿಮಿಷ, ದಿನಕ್ಕೆರಡು ಸಲ. ಒಂದೇ ಆಗುವುದು ಅನ್ನುವವರು ರಾತ್ರಿಯದನ್ನು ಉಳಿಸಿಕೊಳ್ಳಿ, ನಿದ್ದೆಯಲ್ಲಿ ಎಂಜಲು ಸುರಿಯುವುದು ಕಡಿಮೆ. ಪೇಸ್ಟ್ ಉಗಿದು ಬಿಡಿ, ನೀರು ಹಾಕಿ ಬುಳುಬುಳು ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಸಿಂಕಿಗೆ ಹೋಗುತ್ತದೆ. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಅಥವಾ ಅದರ ಆಸುಪಾಸು ಇದೆಯೇ ನೋಡಿ, ಗಿಡಮೂಲಿಕೆಯ ಪೇಸ್ಟ್‌ಗಳಲ್ಲಿ ಎಷ್ಟೋ ಸಲ ಫ್ಲೋರೈಡೇ ಇರುವುದಿಲ್ಲ. ಟ್ಯೂಬಿನ ಬಾಲದ ಹಸಿರು, ಕೆಂಪು, ಕಪ್ಪು ಚೌಕ ಪೇಸ್ಟಿನ ಗುಣ ಹೇಳುತ್ತದೆ ಅನ್ನುವ ವಾಟ್ಸ್‌ಆ್ಯಪ್ ಸಂಶೋಧನೆಯನ್ನು ಮರೆತುಬಿಡಿ; ಟ್ಯೂಬ್ ಎಲ್ಲಿ ಕತ್ತರಿಸಬೇಕು ಅಂತ ಯಂತ್ರದ ಕಣ್ಣಿಗೆ ಹಾಕಿದ ಗುರುತು ಅದು.

ಸಕ್ಕರೆಯಲ್ಲಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಬಿದ್ದಾಗ ಪಾಚಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಇಳಿದರೆ ಎನಾಮಲ್ ಕರಗಲು ಶುರು, ಎಂಜಲು ಅದನ್ನು ಮೇಲೆತ್ತಲು ಅರ್ಧ ಗಂಟೆಯಾದರೂ ಬೇಕು. ಊಟದ ಜೊತೆ ಎರಡು ಮೈಸೂರು ಪಾಕ್ ತಿಂದವರ ಹಲ್ಲಿಗೆ ಒಂದು ದಾಳಿ. ಆಫೀಸಿನಲ್ಲಿ ಆರು ಸಲ ಬೈಟು ಕಾಫಿ ಕುಡಿದವರಿಗೆ ಆರು.

ಮೌತ್‌ವಾಶ್ ಬಗ್ಗೆ ಒಂದೇ ಮಾತು. ಕ್ಲೋರ್‌ಹೆಕ್ಸಿಡಿನ್ ಬರೆದುಕೊಟ್ಟರೆ ಪೇಸ್ಟ್ ಹಚ್ಚಿ ಅರ್ಧ ಗಂಟೆ ಬಿಟ್ಟು ಬಳಸಿ, ಹೇಳಿದ ದಿನಕ್ಕಿಂತ ಹೆಚ್ಚು ಬೇಡ, ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಮಕ್ಕಳ ಆರನೇ ವರ್ಷ

ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹೊಸದೊಂದು ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಬಂದದ್ದೇ ಮನೆಯವರಿಗೆ ಗೊತ್ತಾಗುವುದಿಲ್ಲ. ಹುಳುಕಾದರೆ ‘ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ’ ಅಂತ ಬಿಡುತ್ತಾರೆ. ಅದು ಶಾಶ್ವತ ಹಲ್ಲು, ಎಂಬತ್ತರವರೆಗೆ ಬರಬೇಕಾದ್ದು. ಬಂದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ ಅನ್ನುವ ಮುಚ್ಚುವ ಲೇಪ ತುಂಬಿಸಬಹುದು, ಕೊರೆಯುವುದಿಲ್ಲ, ಇಂಜೆಕ್ಷನ್ನೂ ಇಲ್ಲ. ಇನ್ನು ಹಾಲಿನ ದವಡೆ ಹಲ್ಲುಗಳೂ ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಮುಂಚೆ ಕಿತ್ತರೆ ಪಕ್ಕದವು ಜಾಗಕ್ಕೆ ಸರಿದು, ಕೆಳಗಿನದು ಸೊಟ್ಟ ಹುಟ್ಟುತ್ತದೆ. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು.

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಬಿಳಿ ಗೆರೆ, ಕಂದು ಕಲೆ ಕೊಳೆಯಲ್ಲ, ಎನಾಮಲ್ ರೂಪುಗೊಳ್ಳುವಾಗಲೇ ಆದ ದೋಷ. ಕ್ಲೀನಿಂಗ್‌ನಿಂದ ಹೋಗುವುದಿಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಎಂಟು ವರ್ಷದವರೆಗೆ ಶುದ್ಧ ನೀರು ಕುಡಿಸುವುದೇ ತಡೆ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ, ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ, ಸಾಧ್ಯವಾದರೆ ಅದೇ ಗುಂಡಿಗೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆ ಹಾಲಿನ ಲೋಟದಲ್ಲಿ ಹಾಕಿಕೊಂಡು ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಕಾಗದದಲ್ಲಿ ಸುತ್ತಿ ತಂದ ಹಲ್ಲಿನ ಬೇರಿನ ಜೀವಕೋಶಗಳು ದಾರಿಯಲ್ಲೇ ಒಣಗಿ ಸಾಯುತ್ತವೆ. ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು.

ಅಡಿಕೆ

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಹಾಗಾಗಿ ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಅನ್ನುವ ರಾಸಾಯನಿಕ ಕೆನ್ನೆಯೊಳಗೆ ನಾರು ಬೆಳೆಸುತ್ತದೆ, ಆ ನಾರು ಕರಗುವುದಿಲ್ಲ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಕೆನ್ನೆಯ ಒಳಭಾಗ ಬಿಳಚಿ ಹಲಗೆಯಂತಾಗುವುದು, ಆಮೇಲೆ ಬಾಯಿ ತೆರೆಯಲಾಗದಿರುವುದು. ನಿಮ್ಮ ತೋರು, ನಡು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹಿಡಿಸಿದರೆ ತೋರಿಸಿಕೊಳ್ಳಬೇಕು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಸಿಗತೊಡಗಿತು, ಬೆರೆಯುವುದು ಬಾಯಲ್ಲಿ. ಕಡ್ಡಿಪುಡಿ, ನಶ್ಯ ತಿಕ್ಕುವ ಅಜ್ಜಿಯರ ಬಾಯಿಯನ್ನು ಯಾರೂ ನೋಡುವುದೇ ಇಲ್ಲ. ತಂಬಾಕು ಬೆರೆಸಿದ ಹಲ್ಲುಪುಡಿಗೆ 1992ರಲ್ಲೇ ನಿಷೇಧ ಬಂದಿದ್ದರೂ ಅಭ್ಯಾಸ ಬೇರೆ ಡಬ್ಬಿಯಲ್ಲಿ ಮುಂದುವರಿದಿದೆ.

ತಿಂಗಳಿಗೊಮ್ಮೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗೆ ನೋಡಿ. ಎಲೆಅಡಿಕೆ ಇಟ್ಟುಕೊಳ್ಳುವ ಸಂದಿಯನ್ನು ಮರೆಯಬೇಡಿ. ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಮಕಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು. ಮಾಮೂಲಿ ಬಾಯಿಹುಣ್ಣು ಉರಿದು ಕಾಟ ಕೊಟ್ಟು ಹತ್ತು ದಿನದಲ್ಲಿ ಹೋಗುತ್ತದೆ. ಕೆಟ್ಟ ಹುಣ್ಣು ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ಬಯಾಪ್ಸಿ ಅಂದರೆ ಮರಗಟ್ಟಿಸಿ ಕಾಳಿನಷ್ಟು ಚೂರು ತೆಗೆದು ಒಂದೆರಡು ಹೊಲಿಗೆ ಹಾಕುವುದು. ‘ಮುಟ್ಟಿದರೆ ಹರಡುತ್ತೆ’ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಹರಡುವುದಿಲ್ಲ. ಎರಡು ತಿಂಗಳು ಬಿ-ಕಾಂಪ್ಲೆಕ್ಸ್ ನುಂಗುತ್ತಾ ಕೂತರೆ ಹರಡುತ್ತದೆ.